ಕೀಮೋ ಮುಗಿಯಿತು, ಕಚೇರಿಯ ಕಾಟ ಶುರುವಾಯಿತು

ಪ್ರಶ್ನೆ: ನನಗೆ 43 ವರ್ಷ. ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಎಡ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ ತೆಗೆದರು. ಕೀಮೋ, ರೇಡಿಯೇಷನ್ ಮುಗಿದು ಈಗ ದಿನಾ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೆಲಸಕ್ಕೆ ಮರಳಿದ್ದೇನೆ, ಆದರೆ ಮೊದಲಿನ ಚುರುಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋಲುತ್ತವೆ, ಅಂಕಿ ಮರೆತುಹೋಗುತ್ತವೆ. ಮೇಲ್ವಿಚಾರಕರು ಎಲ್ಲರೆದುರು ‘ಕೀಮೋ ಮೇಡಂ’ ಎಂದು ಕರೆಯುತ್ತಾರೆ. ಫೈಲಿನ ಕಟ್ಟುಗಳನ್ನು ಬೇಕೆಂದೇ ನನ್ನಿಂದ ಹೊರಿಸುತ್ತಾರೆ. ಗೆಳತಿಯರು ಊಟಕ್ಕೆ ಜೊತೆಗೆ ಕೂರುತ್ತಿಲ್ಲ. ಒಬ್ಬ ಸಹೋದ್ಯೋಗಿ ನನ್ನ ಎದೆಯ ಬಗ್ಗೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ನಿದ್ದೆ ಬರುತ್ತಿಲ್ಲ. ಈ ಕೊರಗಿಗೆ ಕ್ಯಾನ್ಸರ್ ಮತ್ತೆ ಬಂದೀತೇ ಡಾಕ್ಟರೇ? ಕೆಲಸ ಬಿಟ್ಟುಬಿಡಲೇ?

ಉತ್ತರ: ಮೊದಲು ನಿಮ್ಮ ಭಯದ ಮಾತು. ಕೊರಗಿನಿಂದಲೇ ಸ್ತನ ಕ್ಯಾನ್ಸರ್ ಮರಳುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ನನಗಿರುವ ಆತಂಕ ಬೇರೆ. ರಜೆ ಕೇಳಿದರೆ ಏನಂದಾರೋ ಎಂದು ತಪಾಸಣೆ ತಪ್ಪಿಸುವವರಿದ್ದಾರೆ. ಕಚೇರಿಯಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದನ್ನು ಜನ ನೋಡುತ್ತಾರೆಂದು ಮಾತ್ರೆಯನ್ನೇ ನಿಲ್ಲಿಸುವವರೂ ಇದ್ದಾರೆ. ಟ್ಯಾಮಾಕ್ಸಿಫೆನ್ ಅನ್ನು ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ ಕೊಡುವುದು ಕಾಯಿಲೆ ಮರುಕಳಿಸುವ ಸಾಧ್ಯತೆಯನ್ನು ತಗ್ಗಿಸಲು. ಯಾರ ಕಾಟಕ್ಕೂ ಅದನ್ನು ಬಿಡಬೇಡಿ.

ನಿಮ್ಮ ಸುಸ್ತು, ಮರೆವು ಎರಡೂ ಚಿಕಿತ್ಸೆಯ ನಂತರ ನಾವು ದಿನನಿತ್ಯ ನೋಡುವ ತೊಂದರೆಗಳು. ಈ ದಣಿವು ಮಲಗಿ ಎದ್ದರೂ ಹೋಗುವುದಿಲ್ಲ, ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವರಲ್ಲಿ ವರ್ಷ ದಾಟುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ, ವಿಚಿತ್ರವೆನಿಸಿದರೂ, ಈ ದಣಿವಿಗೆ ವಿಶ್ರಾಂತಿಗಿಂತ ನಡಿಗೆ ಹೆಚ್ಚು ಕೆಲಸ ಮಾಡುತ್ತದೆ. ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ಏರಿಸಿ. ಮರೆವೂ ಬಹುತೇಕರಲ್ಲಿ ನಿಧಾನವಾಗಿ ಸುಧಾರಿಸುತ್ತದೆ. ಅಲ್ಲಿಯವರೆಗೆ ಬಾಯಿಮಾತಿನಲ್ಲಿ ಕೊಟ್ಟ ಕೆಲಸವನ್ನು ಆಗಲೇ ಇಮೇಲ್‌ನಲ್ಲಿ ಬರೆದು, ‘ನೀವು ಹೇಳಿದ್ದು ಇದೇ ತಾನೇ’ ಎಂದು ಮರಳಿ ಕಳಿಸಿ. ಮರೆವಿಗೂ ಮದ್ದಾಯಿತು, ಆಮೇಲೆ ತಪ್ಪು ಹೊರಿಸುವವರಿಗೂ ಉತ್ತರವಾಯಿತು.

ಫೈಲಿನ ಕಟ್ಟು ಹೊರಿಸುವುದು ನನ್ನನ್ನು ಹೆಚ್ಚು ಕೆಣಕಿದೆ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಬದಿಯ ತೋಳಿನಲ್ಲಿ ದ್ರವ ಸರಾಗವಾಗಿ ಹರಿಯದೆ ಬಾವು ಬರಬಹುದು. ವ್ಯಾಯಾಮದ ಮೂಲಕ ಆ ತೋಳಿಗೆ ನಿಧಾನವಾಗಿ ಬಲ ತುಂಬುವುದು ಒಳ್ಳೆಯದು. ಅಭ್ಯಾಸವಿಲ್ಲದೆ ದಿಢೀರನೆ ಭಾರ ಎತ್ತುವುದು ಬೇಡ. ತೋಳು ಕೆಂಪಾಗಿ ಬಿಸಿಯಾದರೆ ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ, ಅದು ಸೋಂಕಿರಬಹುದು.

ಆದ್ದರಿಂದ ನಿಮ್ಮ ಕ್ಯಾನ್ಸರ್ ತಜ್ಞರಿಂದ ಒಂದು ಪತ್ರ ಬರೆಸಿಕೊಳ್ಳಿ. ‘ಕೆಲಸಕ್ಕೆ ಯೋಗ್ಯರು’ ಎಂಬ ಒಂದೇ ಸಾಲಿನ ಸರ್ಟಿಫಿಕೇಟು ನಿಮಗೆ ಉಪಯೋಗಕ್ಕಿಂತ ತೊಂದರೆಯನ್ನೇ ಮಾಡುತ್ತದೆ. ಎಡಗೈಯಲ್ಲಿ ಭಾರ ಎತ್ತಿಸಬಾರದು, ನಡುನಡುವೆ ಬಿಡುವು ಬೇಕು, ಮುಂದಿನ ಕೆಲವು ತಿಂಗಳು ಕೆಲಸದ ಹೊರೆಯನ್ನು ಹಂತಹಂತವಾಗಿ ಹೆಚ್ಚಿಸಬೇಕು, ತಪಾಸಣೆಯ ದಿನ ರಜೆ ಬೇಕು ಎಂದು ಬಿಡಿಬಿಡಿಯಾಗಿ ಇರಲಿ. ರೋಗದ ವಿವರವೆಲ್ಲ ಅದರಲ್ಲಿ ಬೇಕಿಲ್ಲ. ಅದನ್ನು ಎಚ್‌ಆರ್ ವಿಭಾಗಕ್ಕೆ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಿರಿ. ನೀವು ಈವರೆಗೆ ಸಂಕೋಚದಿಂದ ಕೇಳುತ್ತಿದ್ದದ್ದು ಇನ್ನು ಮುಂದೆ ವೈದ್ಯರ ಸೂಚನೆಯಾಗುತ್ತದೆ. ಅದನ್ನು ಮೀರಿದವರು ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ.

ಅಡ್ಡಹೆಸರು, ಮೂದಲಿಕೆ ನಡೆದಾಗಲೆಲ್ಲ ದಿನಾಂಕ, ಆಡಿದ ಮಾತು, ಎದುರಿಗಿದ್ದವರು, ಇಷ್ಟನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಕಚೇರಿಯ ಕಾಟಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ, ಅದು ದೊಡ್ಡ ಕೊರತೆ. ಆದರೆ ನಿಮ್ಮ ಎದೆಯ ಬಗ್ಗೆ ಆಡಿದ ಅಸಭ್ಯ ಮಾತನ್ನು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಅಡಿ ಪ್ರಶ್ನಿಸಬಹುದು. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಹಾಗಾಗಿ ತಡಮಾಡಬೇಡಿ. ಇಲ್ಲಿ ಬರೆಯಲಾಗದ ಆ ಮಾತನ್ನು ಅಲ್ಲಿ ಆಡಿದ ಹಾಗೆಯೇ ಬರೆಯಿರಿ. ನಾಚಬೇಕಾದವರು ನೀವಲ್ಲ.

ನಿದ್ದೆಗೆಟ್ಟು ವಾರಗಳಾಗಿದ್ದರೆ ಮನೋವೈದ್ಯರನ್ನು ಕಾಣಿ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವುದನ್ನು ಮರೆಯದೆ ಹೇಳಿ. ಪ್ಯಾರಾಕ್ಸಿಟಿನ್, ಫ್ಲೂಕ್ಸಿಟಿನ್‌ನಂಥ ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯವಾಗುವುದನ್ನು ತಡೆಯುತ್ತವೆ. ಅವುಗಳ ಬದಲಿಗೆ ಕೊಡಬಹುದಾದ ಬೇರೆ ಮಾತ್ರೆಗಳಿವೆ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಬಿಡುವ ನಿರ್ಧಾರವನ್ನು ಈ ದಣಿವಿನ ನಡುವೆ ಮಾಡಬೇಡಿ. ಬಿಟ್ಟರೆ ಸಂಬಳದ ಜೊತೆ ಕಂಪನಿಯ ಆರೋಗ್ಯ ವಿಮೆಯೂ ಹೋಗಬಹುದು. ಕ್ಯಾನ್ಸರ್ ಆದವರಿಗೆ ಹೊಸ ವಿಮೆ ಸಿಗುವುದು ಸುಲಭವಲ್ಲ. ಇಎಸ್‌ಐ ಸದಸ್ಯರಾಗಿದ್ದರೆ ಆ ಕಚೇರಿಯಲ್ಲಿ ವಿಸ್ತರಿತ ಕಾಯಿಲೆ ಭತ್ಯೆಯ ಬಗ್ಗೆ ಕೇಳಿ. ಕ್ಯಾನ್ಸರ್ ಆ ಪಟ್ಟಿಯಲ್ಲಿದೆ; ಷರತ್ತು ಪೂರೈಸಿದವರಿಗೆ ಕೆಲಸ ಮಾಡಲಾಗದ ಅವಧಿಗೆ ವೇತನದ ಶೇ 80ರಷ್ಟು, ಗರಿಷ್ಠ 2 ವರ್ಷದವರೆಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ಬ್ಯಾಂಕ್ ಶಾಖೆಯ ಅಕ್ಕ ಒಬ್ಬರು ಕೀಮೋ ಪಡೆಯುತ್ತಲೇ ಕೆಲಸಕ್ಕೆ ಬರುತ್ತಿದ್ದಾರೆ. ನಾವು ಹೇಗೆ ನಡೆದುಕೊಳ್ಳಬೇಕು? ಒಟ್ಟಿಗೆ ಊಟ ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಿ. ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನಿಂದ ಯಂತ್ರದ ಮೂಲಕ ಕೊಡುವ ರೇಡಿಯೇಷನ್ ಕೂಡ ಮೈಯಲ್ಲಿ ಉಳಿದು ಪಕ್ಕದವರಿಗೆ ತಾಗುವುದಿಲ್ಲ. ನಿಮ್ಮ ಬಂಧುಗಳಲ್ಲಿ ಯಾರಿಗೆ ಇದೇ ಕಾಯಿಲೆ ಬಂದು ಏನಾಯಿತೆಂಬ ಕಥೆ ಅವರಿಗೆ ಬೇಡ. ಅವರ ಕೆಲಸವನ್ನು ಕೇಳದೆ ಕಿತ್ತುಕೊಳ್ಳಲೂ ಬೇಡಿ. ‘ಅಕ್ಕ, ಇವತ್ತು ಯಾವುದು ಮಾಡ್ತೀರಿ, ಯಾವುದು ನಾನು ನೋಡ್ಲಿ?’ ಎಂದು ಕೇಳಿ. ಎಚ್ಚರ ಬೇಕಿರುವುದು ನಿಮ್ಮ ಕಡೆಯಿಂದ: ಕೀಮೋ ನಡೆಯುವಾಗ ಬಿಳಿ ರಕ್ತಕಣಗಳು ಕಡಿಮೆಯಾಗಿ ಅವರಿಗೆ ಬೇಗ ಸೋಂಕು ತಗಲುತ್ತದೆ. ನಿಮಗೆ ನೆಗಡಿ, ಕೆಮ್ಮು ಇದ್ದ ದಿನ ದೂರ ಕುಳಿತುಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ. ಯಾಕೆ ದೂರ ಕುಳಿತಿರಿ ಎಂಬುದನ್ನು ಅವರಿಗೆ ಹೇಳಿಬಿಡಿ.