ಹೊಡೆಯುವ ಕೈಗೆ ಕೋರ್ಟಿನ ತಡೆ: ನರಗುಂದದ ಅಕ್ಕತಂಗಿಯರಿಗೆ ಕೆಲವು ಸೂತ್ರಗಳು

‘ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಜಗಳಕ್ಕೆ ಸರಿ, ಹೊಡೆತಕ್ಕೆ ಸಲ್ಲದು. ‘ಕೇಸು ಹಾಕಿದ್ರ ಗಂಡ ಜೈಲಿಗೆ ಹೋಗ್ತಾನ, ಸಂಸಾರ ಮುರೀತದ’ ಎಂಬ ಅಂಜಿಕೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹುಟ್ಟಿದ್ದೇ ಇಂಥವರಿಗಾಗಿ. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಇದರಡಿ ಅರ್ಜಿ ಕೊಟ್ಟ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ. ವಿಚ್ಛೇದನ ಕೇಳಬೇಕೆಂಬ ನಿಯಮವೂ ಇಲ್ಲ. ಆದರೆ ಆದೇಶ ಕೈಗೆ ಸಿಗಬೇಕಾದರೆ ಅರ್ಜಿ ಗಟ್ಟಿಯಾಗಿರಬೇಕು.

1. ಮೊದಲು ಜೀವ, ಆಮೇಲೆ ಅರ್ಜಿ. ಕೈ ಎತ್ತಿದ ಹೊತ್ತಿನಲ್ಲಿ 112ಕ್ಕೆ ಫೋನ್ ಮಾಡಿ. ಸಲಹೆ, ಆಸರೆ ಬೇಕಿದ್ದರೆ 181. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದದ್ದು ಯಾರು, ಯಾವುದರಿಂದ ಎಂಬುದನ್ನು ಡಾಕ್ಟರ ಮುಂದೆ ಹೇಳಿ. ‘ಬಚ್ಚಲದಾಗ ಜಾರಿ ಬಿದ್ದೆ’ ಎಂದರೆ ಚೀಟಿಯಲ್ಲೂ ಅದೇ ಬರೆಯಲಾಗುತ್ತದೆ, ಮುಂದೆ ಆ ಚೀಟಿಯೇ ನಿಮಗೆ ಎದುರು ನಿಲ್ಲುತ್ತದೆ.

2. ಮೈಮೇಲೆ ಬಾಸುಂಡೆ ಇಲ್ಲವೆಂದು ಸುಮ್ಮನಿರಬೇಡಿ. ಕಾಯ್ದೆ ನಾಲ್ಕು ಬಗೆಯ ದೌರ್ಜನ್ಯವನ್ನು ಹೆಸರಿಸುತ್ತದೆ: ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ. ಕೂಲಿಯ ದುಡ್ಡು ಕಸಿಯುವುದು, ತವರಿನ ಬಂಗಾರ ಅಡವಿಡುವುದು, ಮಕ್ಕಳಾಗಲಿಲ್ಲವೆಂದೋ ಗಂಡು ಹುಟ್ಟಲಿಲ್ಲವೆಂದೋ ಹಂಗಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಹೆಂಡತಿಯಷ್ಟೇ ಅಲ್ಲ, ತಾಯಿ, ಅಕ್ಕತಂಗಿ, ಮಗಳು ಕೂಡ ಅರ್ಜಿ ಹಾಕಬಹುದು.

3. ಬಾಗಿಲು ಒಂದೇ ಅಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಆ ಕಚೇರಿಯ ದಾರಿ ನಿಮ್ಮೂರಿನ ಅಂಗನವಾಡಿ ಟೀಚರಿಗೆ ಚೆನ್ನಾಗಿ ಗೊತ್ತು. ನಿಮ್ಮ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಅವರ ಕೆಲಸ. ನೇರವಾಗಿ ಜೆಎಂಎಫ್‌ಸಿ ಕೋರ್ಟಿಗೂ ಅರ್ಜಿ ಕೊಡಬಹುದು. ವಕೀಲರ ಫೀ ಹೊಂದಿಸುವುದು ಹೇಗೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

4. ಗಂಡನ ಊರಿನ ಕೋರ್ಟಿಗೇ ಅಲೆಯಬೇಕಿಲ್ಲ. ನರಗುಂದದ ಸುತ್ತ ನವಲಗುಂದ, ಬಾದಾಮಿ, ರಾಮದುರ್ಗ, ಸವದತ್ತಿ ಇವೆ. ಜಿಲ್ಲೆಗಳು ಬೇರೆಯಾದರೂ ಬೀಗತನ ಒಂದೇ. ಬಾದಾಮಿ ಕಡೆ ಕೊಟ್ಟ ಮಗಳು ಪೆಟ್ಟು ತಿಂದು ಕೊಣ್ಣೂರಿನ ತವರಿಗೆ ಬಂದಿದ್ದರೆ, ನರಗುಂದದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ನೆಲೆಸಿದ ಊರೂ ಸಾಕು ಎನ್ನುತ್ತದೆ 27ನೇ ಕಲಂ.

5. ವಿವರ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು. ‘ದಿನಾ ಕುಡಿದು ಬಂದು ಹೊಡೀತಾನ್ರಿ’ ಎಂಬ ಒಂದು ಸಾಲು ಸಾವಿರ ಅರ್ಜಿಗಳಲ್ಲಿರುತ್ತದೆ. ಅದು ನಿಜವೇ ಆದರೂ ನ್ಯಾಯಾಧೀಶರ ಕಣ್ಣಿಗೆ ಏನನ್ನೂ ಕಟ್ಟುವುದಿಲ್ಲ. ಹೀಗೆ ಬರೆದು ನೋಡಿ: ‘ಕಾರಹುಣ್ಣಿಮೆಯ ಹಿಂದಿನ ರಾತ್ರಿ ರೊಟ್ಟಿ ಬಡಿಯುತ್ತಿದ್ದೆ. ಹೆಸರು ಮಾರಿದ ರೊಕ್ಕ ಎಲ್ಲಿ ಅಂತ ಕೇಳಿದ್ದಕ್ಕೆ ಒಲೆ ಮುಂದಿನ ಕಟ್ಟಿಗೆ ತಗೊಂಡು ಎಡಗೈಗೆ ಹೊಡೆದ. ಮಗಳು ಚೀರಿದ್ದಕ್ಕೆ ಪಕ್ಕದ ಮನೆಯ ಅಜ್ಜಿ ಬಂದು ಬಿಡಿಸಿದಳು. ಮರುದಿನ ದವಾಖಾನೆಗೆ ಹೋದೆ.’ ಇದರಲ್ಲಿ ದಿನ, ಜಾಗ, ಕಾರಣ, ಆಯುಧ, ಗಾಯ, ಸಾಕ್ಷಿ ಎಲ್ಲವೂ ಬಂದವು. ತಾರೀಖು ನೆನಪಿಲ್ಲವೆಂದು ಅಳುಕಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಕ್ಯಾಲೆಂಡರಿಗಿಂತ ಹಬ್ಬ, ಜಾತ್ರೆ, ಬಿತ್ತಿಗೆ, ಸುಗ್ಗಿಗಳೇ ಖಚಿತ. ಅವನ್ನು ಹೇಳಿದರೆ ತಾರೀಖು ಹುಡುಕುವುದು ವಕೀಲರಿಗೆ ಕಷ್ಟವಲ್ಲ. ಮೊದಲನೆಯ ಘಟನೆ, ಅತಿ ಘೋರವಾದದ್ದು, ಕೊನೆಯದು, ಈ ಮೂರಾದರೂ ಹೀಗೆ ಬಿಡಿಸಿ ಬರೆದಿರಲಿ. ಗಾಯದ ಫೋಟೊ, ಬೆದರಿಕೆಯ ವಾಟ್ಸ್‌ಆ್ಯಪ್ ಸಂದೇಶಗಳ ಪ್ರತಿಯನ್ನು ನಂಬಿಕಸ್ಥರ ಫೋನಿಗೂ ಕಳಿಸಿಡಿ. ನಿಮ್ಮ ಫೋನು ಒಡೆದುಹೋಗಬಹುದು. ಆಧಾರ್, ರೇಷನ್ ಕಾರ್ಡು, ಲಗ್ನಪತ್ರಿಕೆ, ಬಂಗಾರದ ರಸೀದಿಗಳೂ ತವರಿನಲ್ಲಿರಲಿ.

6. ಬೇಕಾದ್ದನ್ನು ಹೆಸರು ಹಿಡಿದು ಕೇಳಿ. ‘ನನಗೆ ನ್ಯಾಯ ಕೊಡಿಸಿ’ ಎಂದಷ್ಟೇ ಬರೆದರೆ ಸಾಲದು. ಹೊಡೆಯಬಾರದು, ಕೆಲಸದ ಜಾಗಕ್ಕೂ ಮಕ್ಕಳ ಶಾಲೆಗೂ ಬರಬಾರದು, ಫೋನಿನಲ್ಲಿ ಕಾಡಬಾರದು, ನನಗೆ ಆಸರೆ ಕೊಟ್ಟ ಅಣ್ಣನನ್ನು ಬೆದರಿಸಬಾರದು, ನನ್ನ ಬಂಗಾರ ಮಾರಬಾರದು ಎಂದು 18ನೇ ಕಲಂ ಅಡಿ ಒಂದೊಂದಾಗಿ ಕೇಳಿ. ಮನೆಯಲ್ಲಿ ಇರುವ ಹಕ್ಕು 19ರಲ್ಲಿ, ಖರ್ಚಿಗೆ ಹಣ 20ರಲ್ಲಿ, ಮಕ್ಕಳ ತಾತ್ಕಾಲಿಕ ಸುಪರ್ದಿ 21ರಲ್ಲಿ ಇದೆ. ಎಲ್ಲಕ್ಕೂ ಒಂದೇ ಅರ್ಜಿ ಸಾಕು.

7. ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ. ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ಕೋರ್ಟಿನ ಹೊರೆಯಲ್ಲಿ ಇದು ಎಳೆಯುವುದುಂಟು. ಅಪಾಯ ತುರ್ತಾಗಿದ್ದರೆ ನಿಮ್ಮ ಪ್ರಮಾಣಪತ್ರದ ಮೇಲೆಯೇ, ಎದುರಿನವರು ಬರುವ ಮುಂಚೆಯೇ, 23ನೇ ಕಲಂ ಅಡಿ ಆದೇಶ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

8. ‘ಮನೆ ನಮ್ಮವ್ವನ ಹೆಸರಿನಾಗೈತಿ, ಹೊರಗ ನಡಿ’ ಎಂದರೆ ಹೆದರಬೇಡಿ. ನೀವು ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ.

9. ನೋಟಿಸು ಮುಟ್ಟಿದ ಮೇಲೆ ಹಿರಿಯರು ಬರುತ್ತಾರೆ. ‘ಹೊಂದ್ಕೊಂಡು ಹೋಗವಾ, ಅರ್ಜಿ ಹಿಂದಕ್ಕ ತಗೋ’ ಎನ್ನುತ್ತಾರೆ. ಅವರಲ್ಲಿ ಒಳ್ಳೆಯ ಮನಸ್ಸಿನವರೂ ಇರುತ್ತಾರೆ. ರಾಜಿ ನಿಮಗೂ ಒಪ್ಪಿಗೆಯಾದರೆ ಮಾಡಿಕೊಳ್ಳಿ, ಆದರೆ ಷರತ್ತುಗಳು ಕಟ್ಟೆಯ ಮೇಲಿನ ಮಾತಾಗಿ ಉಳಿಯಬಾರದು, ಕೋರ್ಟಿನ ದಾಖಲೆಯಲ್ಲಿ ಬರಬೇಕು. ಬರೀ ಬಾಯಿಮಾತಿಗೆ ಅರ್ಜಿ ಹಿಂತೆಗೆದುಕೊಂಡರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

10. ಆದೇಶದ ಪ್ರತಿ ಸದಾ ಹತ್ತಿರವಿರಲಿ. ಕೋರ್ಟು ಅದನ್ನು ಉಚಿತವಾಗಿ ಕೊಡುತ್ತದೆ, ಠಾಣೆಗೂ ಕಳಿಸುತ್ತದೆ. ಜೈಲಿನ ಮಾತು ಬರುವುದು ಈ ಘಟ್ಟದಲ್ಲಿ: ಆದೇಶ ಮೀರಿದರೆ 1 ವರ್ಷದವರೆಗೆ ಸೆರೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪರಾಧ ಜಾಮೀನುರಹಿತ. ನಿಮ್ಮೊಬ್ಬರ ಸಾಕ್ಷ್ಯದ ಮೇಲೆಯೇ ಕೋರ್ಟು ಅದನ್ನು ಸಾಬೀತೆಂದು ಒಪ್ಪಬಹುದು. ಮೊದಲ ಸಲ ಮೀರಿದಾಗಲೇ ದೂರು ಕೊಡಿ.

11. ಇದು ಓಣಿಯವರಿಗೆ. ಪಕ್ಕದ ಮನೆಯ ಚೀರಾಟ ಕೇಳಿ ಟಿವಿ ಸದ್ದು ಏರಿಸಬೇಡಿ. ಸಂರಕ್ಷಣಾಧಿಕಾರಿಗೆ ಮಾಹಿತಿಯನ್ನು ಯಾರು ಬೇಕಾದರೂ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಕೇಸು ನಿಲ್ಲುವುದಿಲ್ಲ, ಕಾಯ್ದೆಯ 4ನೇ ಕಲಂನಲ್ಲೇ ಆ ಭರವಸೆ ಇದೆ. ಆ ಮನೆಯವಳು ಫೋನ್ ಮಾಡುವ ಸ್ಥಿತಿಯಲ್ಲಿ ಇರಲಿಕ್ಕಿಲ್ಲ. ನೀವು ಮಾಡಿ.