ಹುಂಜವೂ ಇರಲಿ, ನೆರೆಯವರೂ ಇರಲಿ: ಲೇಔಟಿನ ನಡುವೆ ಕೋಳಿ-ದನ ಸಾಕುವವರಿಗೆ ಎಂಟು ಸೂತ್ರಗಳು

2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿಗಳು ಒಟ್ಟಿಗೇ ಬೆಂಗಳೂರಿನೊಳಗೆ ಸೇರಿದವು. ಹಳ್ಳಿ ಸೇರಿತೆಂದರೆ ಅದರ ಕೊಟ್ಟಿಗೆ, ತಿಪ್ಪೆ, ಕೋಳಿಗೂಡು ಎಲ್ಲವೂ ಸೇರಿದ ಹಾಗೆಯೇ. ಕಾಗದದಲ್ಲಿ ಊರು ಒಂದೇ ದಿನಕ್ಕೆ ನಗರವಾಗುತ್ತದೆ, ಹುಂಜಕ್ಕೆ ಮಾತ್ರ ಆ ಸುದ್ದಿ ಮುಟ್ಟುವುದಿಲ್ಲ. ಪಕ್ಕದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದ ಮೇಲೂ ಅದು ಹಳೆಯ ಹೊತ್ತಿಗೇ ಕೂಗುತ್ತದೆ. ಜಗಳ ಹುಟ್ಟುವುದು ಅಲ್ಲಿ.

1. ‘ನಾವು ಮೊದಲಿನಿಂದ ಇದ್ದವರು’ ಎಂಬ ಮಾತನ್ನೇ ನೆಚ್ಚಿಕೊಳ್ಳಬೇಡಿ. ಈ ಮಾತು ಫ್ರಾನ್ಸಿನಲ್ಲಿ ನಡೆಯುತ್ತದೆ. ಅಲ್ಲಿನ ಒಲೆರಾನ್ ದ್ವೀಪದ ಮೋರಿಸ್ ಎಂಬ ಹುಂಜದ ಮೇಲೆ ರಜೆಗೆಂದು ಬಂದು ಹೋಗುವ ನೆರೆಯವರು ದಾವೆ ಹೂಡಿದರು. 2019ರಲ್ಲಿ ನ್ಯಾಯಾಲಯ ಹುಂಜದ ಪರ ನಿಂತು, ದೂರಿದವರೇ 1,000 ಯೂರೋ ಪರಿಹಾರ ಕೊಡಬೇಕೆಂದಿತು. 2021ರಲ್ಲಿ ಹಳ್ಳಿಯ ಸದ್ದು-ವಾಸನೆಗಳನ್ನು ಪರಂಪರೆಯ ಭಾಗವೆಂದು ಮನ್ನಿಸುವ ಕಾಯ್ದೆಯೇ ಬಂತು. 2024ರ ಇನ್ನೊಂದು ಕಾಯ್ದೆ, ಹೊಸಬರು ಬರುವ ಮೊದಲೇ ನಿಯಮಬದ್ಧವಾಗಿ ನಡೆಯುತ್ತಿದ್ದ ಕಸುಬಿಗೆ ರಕ್ಷಣೆ ಕೊಟ್ಟಿತು. ನಮ್ಮ ನ್ಯಾಯಾಲಯಗಳಿಗೆ ಬಳುವಳಿಯಾಗಿ ಬಂದದ್ದು ಇಂಗ್ಲೆಂಡಿನ ದಾರಿ. ಅಲ್ಲಿ 1879ರಲ್ಲಿ, ಮಿಠಾಯಿಗಾರನೊಬ್ಬ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಟ್ಟುತ್ತಿದ್ದ ಒರಳಿನ ಸದ್ದಿನ ವಿರುದ್ಧ, ಅದರ ಪಕ್ಕಕ್ಕೇ ಆಮೇಲೆ ಕೋಣೆ ಕಟ್ಟಿಸಿಕೊಂಡ ವೈದ್ಯ ಗೆದ್ದ. ನನಗೆ ಫ್ರೆಂಚರ ದಾರಿಯೇ ನ್ಯಾಯವೆನಿಸುತ್ತದೆ. ಆದರೆ ನೋಟಿಸು ಬಂದಾಗ ನನ್ನ ಅನಿಸಿಕೆ ನಿಮ್ಮ ನೆರವಿಗೆ ಬಾರದು.

2. ಕಾನೂನಿನ ರಾತ್ರಿ ಎಷ್ಟು ಹೊತ್ತು ಎಂಬುದು ತಿಳಿದಿರಲಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಅಂದರೆ ಮೊದಲ ಕೋಳಿ ಕೂಗುವುದು ಕಾನೂನಿನ ಲೆಕ್ಕದಲ್ಲಿ ನಡುರಾತ್ರಿಯ ಸದ್ದೇ! ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಧ್ವನಿವರ್ಧಕ, ಪಟಾಕಿ, ಜನರೇಟರುಗಳು. ಆದರೂ ದೂರು ಬರೆಯುವವರು ಮೊದಲು ಹಿಡಿಯುವುದು ಈ ಅಂಕಿಗಳನ್ನೇ.

3. ಮೊಟ್ಟೆ ಸಾಕೆನ್ನುವವರಿಗೆ ಹುಂಜ ಬೇಡ. ಹುಂಜವಿಲ್ಲದೆಯೂ ಹೇಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ನ್ಯೂಯಾರ್ಕ್ ನಗರದ ನಿಯಮವೂ ಇದೇ: ಹೇಟೆಗೆ ಅನುಮತಿ ಉಂಟು, ಹುಂಜಕ್ಕೆ ಇಲ್ಲ. ಮರಿ ಬೇಕಾದಾಗ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ವಿಚಾರಿಸಿ, ಇಲ್ಲವೇ ಹಳ್ಳಿಯ ನೆಂಟರ ಮನೆಯಿಂದ ನಾಟಿ ಮೊಟ್ಟೆ ತಂದು ಕಾವಿಗೆ ಕೂತ ಹೇಟೆಯ ಕೆಳಗಿಡಿ. ಮೊಟ್ಟೆಯಿಟ್ಟ ಹೇಟೆಯೂ ಕೊಕ್ಕರಿಸುತ್ತದೆ, ನಿಜ. ಆದರೆ ಹೆಚ್ಚಾಗಿ ಹಗಲು ಹೊತ್ತಿನಲ್ಲಿ.

4. ಮಂಕರಿ ಕವುಚಿದರೆ ಕೂಗು ನಿಲ್ಲುತ್ತದೆಂದು ನಂಬಬೇಡಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದಂತೆ, ಹುಂಜದ ಕೂಗಿಗೆ ಮೈಯೊಳಗಿನ ಗಡಿಯಾರವೇ ಆಧಾರ. ಹಗಲಿಲ್ಲದ ಮಬ್ಬು ಬೆಳಕಿನಲ್ಲೇ ಇಟ್ಟರೂ ಅದು ದಿನಗಟ್ಟಲೆ ತನ್ನ ಹೊತ್ತಿಗೆ ಸರಿಯಾಗಿ ಕೂಗಿತು. ಅವರೇ 2015ರಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ ಇನ್ನೂ ಸೊಗಸು. ಹಿಂಡಿನಲ್ಲಿ ಮೊದಲು ಕೂಗುವ ಹಕ್ಕು ಯಜಮಾನ ಹುಂಜದ್ದು, ಉಳಿದವು ಅದರ ಹಿಂದೆ ಸರದಿಯಂತೆ. ಯಜಮಾನನನ್ನು ತೆಗೆದರೆ ಎರಡನೆಯದು ಆ ಪಟ್ಟಕ್ಕೇರುತ್ತದೆ. ಹಾಗಾಗಿ ಗಟ್ಟಿ ಗಂಟಲಿನದನ್ನು ಮಾರಿ ಸಾಧು ಹುಂಜವನ್ನು ಉಳಿಸಿಕೊಂಡೆ ಎಂದು ಬೀಗುವಂತಿಲ್ಲ. ಇಡುವುದಾದರೆ ಒಂದೇ ಇಡಿ. ಕೂಗು ತಗ್ಗಿಸಲೆಂದು ಕೊರಳಿಗೆ ಬಿಗಿಯುವ ಪಟ್ಟಿಗಳೂ ಮಾರಾಟಕ್ಕಿವೆ. ಉಸಿರು ಬಿಗಿಹಿಡಿಸುವ ಆ ಉಪಾಯ ಬೇಡ.

5. ಗೂಡು ಸರಿಸಿ. ನನ್ನ ಮಟ್ಟಿಗೆ ಎಂಟರಲ್ಲಿ ದೊಡ್ಡ ಸೂತ್ರ ಇದೇ. 2025ರ ಫೆಬ್ರುವರಿಯಲ್ಲಿ ಕೇರಳದ ಅಡೂರಿನಲ್ಲಿ, ನೆರೆಮನೆಯ ಹುಂಜ ಬೆಳಗಿನ ಜಾವ ಮೂರಕ್ಕೇ ಕೂಗಿ ನಿದ್ದೆಗೆಡಿಸುತ್ತದೆ ಎಂಬ ದೂರು ಕಂದಾಯ ವಿಭಾಗಾಧಿಕಾರಿಯ ಮುಂದೆ ಬಂತು. ಸ್ಥಳ ಪರಿಶೀಲನೆಯಾಯಿತು. ಗೂಡು ಇದ್ದದ್ದು ಮನೆಯ ಮಹಡಿಯ ಮೇಲೆ. ಅದನ್ನು 14 ದಿನದೊಳಗೆ ಜಾಗದ ದಕ್ಷಿಣ ಬದಿಗೆ ಸಾಗಿಸಿ ಎಂದು ಆದೇಶವಾಯಿತು. ಹುಂಜವೂ ಉಳಿಯಿತು. ಅಧಿಕಾರಿ ಮಾಡಿಸುವ ಈ ಕೆಲಸವನ್ನು ನೀವೇ ಮೊದಲು ಮಾಡಿ. ಮಹಡಿಯಿಂದ ಕೆಳಗಿಳಿಸಿ, ನೆರೆಯವರ ಮಲಗುವ ಕೋಣೆಯ ಕಿಟಕಿಯಿಂದ ದೂರವಿಡಿ, ನಡುವೆ ಗೋಡೆಯೊಂದು ಬರಲಿ. ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ: ಹತ್ತು ಅಡಿಯಿಂದ ಇಪ್ಪತ್ತಕ್ಕೆ ಒಮ್ಮೆ, ಇಪ್ಪತ್ತರಿಂದ ನಲವತ್ತಕ್ಕೆ ಮತ್ತೊಮ್ಮೆ. ಮೂವತ್ತು-ನಲವತ್ತರ ಸೈಟಿನಲ್ಲಿ ಈ ಲೆಕ್ಕಕ್ಕೆ ಜಾಗವೇ ಇಲ್ಲ, ಎದುರುಬದುರು ಗೋಡೆಗಳು ಸದ್ದನ್ನು ಮತ್ತೆ ಮರಳಿಸುತ್ತವೆ. ಅಂಥವರು ಮೂರನೆಯ ಸೂತ್ರಕ್ಕೆ ಹಿಂದಿರುಗಿ.

6. ಹಸು ಅರಚಿದರೆ ಕಾರಣ ಹುಡುಕಿ. ಹುಂಜದಂತಲ್ಲ, ಹಸು ಸುಮ್ಮಸುಮ್ಮನೆ ಕೂಗದು. ಬೆದೆಗೆ ಬಂದಿರಬೇಕು, ಮೇವಿನ ಹೊತ್ತು ಮೀರಿರಬೇಕು, ಕರು ಬೇರೆಯಾಗಿರಬೇಕು. ಕರು ಬಿಡಿಸುವಾಗ ತಾಯಿಗೆ ಅದು ಕಾಣುವಂತೆ ಬೇಲಿಯಾಚೆ ಕಟ್ಟಿದರೆ ಗೋಳಾಟ ತಗ್ಗುತ್ತದೆ. ಅದಕ್ಕೂ ಮೊದಲು ಅಕ್ಕಪಕ್ಕದವರಿಗೆ ‘ಎರಡು ಮೂರು ರಾತ್ರಿ ಗಲಾಟೆ ಇರುತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಹೇಳಿಬಿಡಿ. ಮುಗಿಯುವ ದಿನ ಗೊತ್ತಿದ್ದರೆ ಜನ ಸಹಿಸಿಕೊಳ್ಳುತ್ತಾರೆ.

7. ನೋಟಿಸು ಬಂದರೆ ಕಪಾಟಿನಲ್ಲಿ ಇಡಬೇಡಿ. ಇಂಥ ದೂರುಗಳಿಗೆ ಇರುವ ಒಂದು ದಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಳೆಯ ಸಿಆರ್‌ಪಿಸಿಯ 133. ಅದರಡಿ ಉಪವಿಭಾಗದ ಮ್ಯಾಜಿಸ್ಟ್ರೇಟರು ಹೊರಡಿಸುವುದು ಮೊದಲಿಗೆ ಷರತ್ತಿನ ಆದೇಶ: ತೊಂದರೆ ನಿವಾರಿಸಿ, ಇಲ್ಲವೇ ಹಾಜರಾಗಿ ಕಾರಣ ಹೇಳಿ. ಹೇಳುವ ಅವಕಾಶ ಬಿಟ್ಟವರ ಮೇಲೆ ಆದೇಶ ಗಟ್ಟಿಯಾಗುತ್ತದೆ. ಹೋಗುವಾಗ ಗೂಡಿನ ಜಾಗದ ನಕ್ಷೆ, ಫೋಟೋ, ಹಕ್ಕಿಗಳ ಲೆಕ್ಕ ಜೊತೆಗಿರಲಿ. ಜಾಗ ಕೃಷಿ ಭೂಮಿಯೋ ಪರಿವರ್ತನೆಯಾದ ಸೈಟೋ ಎಂಬ ಪ್ರಶ್ನೆ ಬರುವುದರಿಂದ ಪಹಣಿ ಅಥವಾ ಖಾತೆಯೂ ಬೇಕು. ಸಾಕಣೆಗೆ ಪರವಾನಗಿ ಬೇಕೇ ಎಂದು ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಅದಕ್ಕೂ ಮುಂಚೆಯೇ ಕೇಳಿಟ್ಟುಕೊಳ್ಳಿ.

8. ಕೊನೆಯದು ಸೈಟು ಕೊಳ್ಳುವವರಿಗೆ. ಭಾನುವಾರ ಮಧ್ಯಾಹ್ನ ಬ್ರೋಕರ್ ಕಾರಿನಲ್ಲಿ ಹೋಗಿ ನೋಡಿ ಮುಂಗಡ ಕೊಡಬೇಡಿ. ಆ ಹೊತ್ತಿಗೆ ಹುಂಜ ಮಣ್ಣಿನಲ್ಲಿ ಹೊರಳುತ್ತಿರುತ್ತದೆ, ಹಸು ಮೆಲುಕು ಹಾಕುತ್ತಿರುತ್ತದೆ. ಬೆಳಗಿನ ನಾಲ್ಕೂವರೆಗೆ ಒಬ್ಬರೇ ಹೋಗಿ, ಬೈಕು ಆಫ್ ಮಾಡಿ ಅರ್ಧ ಗಂಟೆ ನಿಲ್ಲಿ. ಕೇಳಿದ್ದು ಹಿಡಿಸದಿದ್ದರೆ ಬೇರೆ ಲೇಔಟ್ ನೋಡಿ.