ಬಚ್ಚಲಲ್ಲಿ ಬಿದ್ದವನು ತಪ್ಪಿತಸ್ಥನೋ?

ಮನುಷ್ಯನು ಹೇಗೆ ನಡೆಯತಕ್ಕದ್ದೆಂಬುದನ್ನು ಮಿದುಳಿನ ಶಾಸ್ತ್ರವು ಕಲಿಸಬಲ್ಲದೋ ಎಂದು ಕೆಲವರು ಕೇಳುತ್ತಾರೆ. ಇದರ ವಿಷಯವಾಗಿ ವಿದ್ವಾಂಸರು ದೊಡ್ಡ ಗ್ರಂಥಗಳನ್ನು ಬರೆದಿರುವರು. ನಾವಾದರೋ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ವಾಚಕರು ತಮ್ಮ ಬಚ್ಚಲುಮನೆಯಲ್ಲಿಯೇ ಕಾಣಬಹುದಾದ ಒಂದು ಸಂಗತಿಯನ್ನು ಹಿಡಿದು ಇದನ್ನು ವಿಚಾರಿಸೋಣ.

ತಲೆಗೆ ಎಣ್ಣೆಯೊತ್ತಿ, ಹಂಡೆಯಲ್ಲಿ ಕಾದ ನೀರನ್ನು ತಂಬಿಗೆ ತಂಬಿಗೆಯಾಗಿ ನೆತ್ತಿಯ ಮೇಲೆ ಹೊಯ್ದುಕೊಳ್ಳುವುದು ನಮ್ಮವರ ವಾಡಿಕೆಯಷ್ಟೆ. ಹೀಗೆ ಹೊಯ್ದುಕೊಳ್ಳುತ್ತಿರುವಾಗಲೇ ಕೆಲವರಿಗೆ ದೃಷ್ಟಿ ನಿಂತುಹೋಗುತ್ತದೆ, ಮಾತು ತೊದಲುತ್ತದೆ. ಕೆಲವರು ಕೈಕಾಲು ಸೆಳೆದು ಬೀಳುತ್ತಾರೆ. ಇದನ್ನು ಕಂಡವರು ಗಾಳಿ ಸೋಕಿತೆಂದು ಹೇಳುವುದುಂಟು. ನಮ್ಮ ಸಭೆಗಳಲ್ಲಿಯೂ, ಇದು ಹೆತ್ತವರ ಯಾವುದೋ ಗುಪ್ತಪಾಪದ ಫಲವೆಂದು ಪಿಸುಗುಟ್ಟುವವರು ಇಲ್ಲದೆ ಇಲ್ಲ.

ಇದು ಬಿಸಿನೀರಿನ ಮೂರ್ಛೆ ಎಂಬ ರೋಗ. ಬೆಂಗಳೂರಿನ ವೈದ್ಯರಾಗಿದ್ದ ಕೆ. ಎಸ್. ಮಣಿಯವರೂ ಅವರ ಜೊತೆಗಾರರೂ ೧೯೬೮ರಲ್ಲಿ ಇದನ್ನು ಕುರಿತು ಬರೆದರು. ೧೯೮೮ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಪಿ. ಸತೀಶ್ಚಂದ್ರರೂ ಸಂಗಡಿಗರೂ ೨೭೯ ಮಂದಿ ರೋಗಿಗಳ ವಿವರವನ್ನು ಪ್ರಕಟಿಸಿದರು. ಲೋಕದಲ್ಲಿ ಅಪರೂಪವಾದ ಈ ರೋಗವು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುತ್ತದೆ. ಮಿದುಳಿನ ನರಕಣಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಿಂದ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಇಂಥವರ ನೆತ್ತಿಯ ಮೇಲೆ ೪೦ರಿಂದ ೫೦ ಡಿಗ್ರಿ ಕಾವಿನ ನೀರು ಒಂದೇ ಸಮನೆ ಬಿದ್ದಾಗ, ಅನೇಕ ಕಣಗಳು ಕ್ರಮತಪ್ಪಿ ಒಟ್ಟಿಗೇ ಕೂಗಿಕೊಂಡ ಹಾಗಾಗುತ್ತದೆ. ಕೆಲವು ಮನೆತನಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಬರುವುದು. ಇದರಲ್ಲಿ ಪಾಪವೆಲ್ಲಿ ಬಂತು? ನೀರನ್ನು ಉಗುರುಬೆಚ್ಚಗೆ ಮಾಡಿದರೆ ಅನೇಕರಿಗೆ ಮೂರ್ಛೆಯೇ ಬಾರದು. (ಮಗುವಿಗೆ ನೀರೆರೆಯುವ ಮುಂಚೆ ಮೊಣಕೈ ಅದ್ದಿ ನೋಡುವ ತಾಯಿ, ಮಗ ದೊಡ್ಡವನಾದ ಮೇಲೆ ನೋಡದೆ ಬಿಡುವುದೇಕೋ!) ಅದು ಸಾಲದವರಿಗೆ, ಸ್ನಾನಕ್ಕೆ ಮುಂಚೆ ನುಂಗತಕ್ಕ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಕೊಡುವುದುಂಟು.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಈ ರೋಗಿಗಳಲ್ಲಿ ಕೆಲವರಿಗೆ ಮೂರ್ಛೆಯ ಆರಂಭದಲ್ಲಿ ಒಂದು ವಿಧವಾದ ಸುಖವುಂಟಾಗುತ್ತದೆ. ಆಗ ಅವರ ಕೈ ತಾನಾಗಿಯೇ ಮತ್ತಷ್ಟು ಬಿಸಿನೀರನ್ನು ಹೊಯ್ಯುತ್ತಾ ಹೋಗುತ್ತದೆ. ಹೊರಗಿನಿಂದ ತಾಯಿ “ಸಾಕು, ನಿಲ್ಲಿಸು” ಎಂದು ಕೂಗಿದರೂ ಹುಡುಗನು ನಿಲ್ಲಿಸುವುದಿಲ್ಲ. ಹಟಮಾರಿ, ಮಾತು ಕೇಳದವನು ಎಂದು ಅವನಿಗೆ ಬೆತ್ತದ ಪೆಟ್ಟು ಬೀಳುತ್ತದೆ. ಆದರೆ ಆ ಗಳಿಗೆಯಲ್ಲಿ ತಾಯಿಯ ಆಜ್ಞೆಯನ್ನು ಮೀರಿದವನು ಯಾರು? ಹುಡುಗನೋ, ಅವನ ಮಿದುಳಿನ ರೋಗವೋ? ಇಲ್ಲಿ ಶಾಸ್ತ್ರವು ನಮ್ಮ ನ್ಯಾಯತೀರ್ಪನ್ನು ನಿಜವಾಗಿಯೂ ತಿದ್ದುತ್ತದೆ. ಹೊಡೆಯುವ ಕೈಯನ್ನು ಹಿಡಿಯುತ್ತದೆ.

ಹಾಗಾದರೆ ರೋಗಿಗೆ ಯಾವ ಹೊಣೆಯೂ ಇಲ್ಲವೋ? ಉಂಟು. ಬುದ್ಧಿ ತಿಳಿದ ಪ್ರಾಯದವನು ತನ್ನ ರೋಗವನ್ನು ವೈದ್ಯರಿಂದ ಕೇಳಿಕೊಂಡ ಮೇಲೆ, ಸುಖಕ್ಕಾಗಿ ಬೇಕೆಂದೇ ಹಂಡೆಗೆ ಸೌದೆ ತುಂಬಿ ಬಾಗಿಲ ಅಗಳಿಯನ್ನು ಹಾಕಿಕೊಂಡರೆ, ಆ ತೀರ್ಮಾನವು ಅವನದೇ. ಮೊದಲನೆಯ ತಂಬಿಗೆಗೂ ಐದನೆಯ ತಂಬಿಗೆಗೂ ಒಂದೇ ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಎಲ್ಲಾ ತಪ್ಪನ್ನೂ ಮಿದುಳಿನ ಮೇಲೆ ಹೊರಿಸುವವರ ಮಾತನ್ನು ನಾವು ಒಪ್ಪಲಾರೆವು.

ಮದುವೆಯ ವಿಷಯದಲ್ಲಿ ಈ ಎಲ್ಲೆಯು ಇನ್ನೂ ಸ್ಪಷ್ಟವಾಗುವುದು. ಪದೇ ಪದೇ ಮೂರ್ಛೆ ಬರುವವರು ಮದುವೆಗೆ ಯೋಗ್ಯರಲ್ಲವೆಂಬ ಮಾತನ್ನು ಹಿಂದೂ ವಿವಾಹ ಕಾಯಿದೆಗೂ ವಿಶೇಷ ವಿವಾಹ ಕಾಯಿದೆಗೂ ೧೯೭೬ರಲ್ಲಿ ಸೇರಿಸಿದ್ದರು. ಆ ಮಾತಿನಲ್ಲಿ ಮೂರ್ಛೆಯನ್ನು ಹುಚ್ಚಿನ ಪಕ್ಕದಲ್ಲಿಯೇ ನಿಲ್ಲಿಸಲಾಗಿತ್ತು. ೧೯೯೯ರಲ್ಲಿ ಮೂರ್ಛೆಯ ಹೆಸರನ್ನು ಎರಡರಿಂದಲೂ ತೆಗೆದುಹಾಕಿದರು. ಮೂರ್ಛೆಯು ಹುಚ್ಚಲ್ಲ, ಔಷಧದಿಂದ ಅನೇಕರಲ್ಲಿ ಹತೋಟಿಗೆ ಬರುತ್ತದೆ ಎಂದು ವೈದ್ಯರು ತೋರಿಸಿಕೊಟ್ಟಿದ್ದರು. ಹೀಗಿದ್ದರೂ ಹಳ್ಳಿಗಳಲ್ಲಿ ಹೆಣ್ಣಿನ ಕಡೆಯವರು ರೋಗವನ್ನು ಬಚ್ಚಿಡುವರು. ಮದುವೆಯಾದ ಮೇಲೆ ಹುಡುಗಿಯು ಗಂಡನಿಗೆ ತಿಳಿದೀತೆಂದು ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುವಳು. ಥಟ್ಟನೆ ಮಾತ್ರೆ ನಿಲ್ಲಿಸಿದರೆ ಮೂರ್ಛೆಯು ಹೆಚ್ಚು ಬಲವಾಗಿ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಇಷ್ಟನ್ನು ಶಾಸ್ತ್ರವು ಹೇಳುತ್ತದೆ. ನಿಶ್ಚಿತಾರ್ಥಕ್ಕೆ ಮುಂಚೆ ಸತ್ಯವನ್ನು ಹೇಳುವ ಧೈರ್ಯವನ್ನೂ, ಕೇಳಿದ ಮೇಲೆ ಹುಡುಗಿಯನ್ನು ಹಳಿಯದಿರುವ ಮರ್ಯಾದೆಯನ್ನೂ ಮಾತ್ರ ಯಾವ ಯಂತ್ರವೂ ಮಿದುಳಿನ ಚಿತ್ರದಲ್ಲಿ ತೋರಿಸಿಕೊಡಲಾರದು. ಅವು ಎರಡು ಮನೆಯವರೂ ತಾವೇ ತರಬೇಕಾದವುಗಳು.

ನೆರೆಯವರ ಕರ್ತವ್ಯವನ್ನೂ ಹೇಳೋಣ. ಬಿದ್ದವನ ಕೈಗೆ ಬೀಗದಕೈ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ನೀರು, ಚಮಚ, ಬಟ್ಟೆ ಯಾವುದನ್ನೂ ಇಡಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಬಿಸಿನೀರನ್ನೂ ಒಲೆಯ ಕೆಂಡವನ್ನೂ ದೂರಮಾಡಿ, ತಲೆಯ ಕೆಳಗೆ ಮೆತ್ತಗಿರುವುದನ್ನು ಇಟ್ಟು, ಸೆಳೆತ ನಿಂತ ಕೂಡಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಐದು ನಿಮಿಷ ಮೀರಿದರೆ, ಇಲ್ಲವೆ ಎಚ್ಚರವಾಗದೆ ಮತ್ತೊಂದು ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಿಸಿನೀರಿನ ಮೂರ್ಛೆ ಇರುವ ಕೆಲವರಿಗೆ ಕ್ರಮೇಣ ನೀರಿಲ್ಲದೆಯೂ ಮೂರ್ಛೆ ಬರುವುದುಂಟು. ಅಂಥವರನ್ನು ಅರಸೀಕೆರೆಯ ತೋಟಗಳಲ್ಲಿ ತೆಂಗಿನಮರ ಹತ್ತಿಸಬೇಡಿರಿ, ಹಳೇಬೀಡಿನ ಕೆರೆಗೆ ಒಬ್ಬರನ್ನೇ ಈಜಲು ಕಳುಹಿಸಬೇಡಿರಿ. ಕಾಯಿ ಸುಲಿಯುವುದು, ಲೆಕ್ಕ ಬರೆಯುವುದು, ಮಕ್ಕಳಿಗೆ ಓದಿಸುವುದು ಮೊದಲಾದ ಕೆಲಸಗಳನ್ನು ಅವರಿಗೆ ಕೊಡಲು ಏನಡ್ಡಿ?